ಮಗಳಿಗೊಂದು ಪತ್ರ: ಭಾಷಣಕ್ಕೆ ಮುಂಚೆ ಅನ್ನದ ಲೆಕ್ಕ

ಬದಿಯಡ್ಕ

ಪ್ರೀತಿಯ ಮಗಳೇ,

ಹಿರೋಶಿಮಾ ದಿನಕ್ಕೆ ಬರೆದ ಭಾಷಣ ಓದಿದೆ. ‘ಯುದ್ಧ ಬೇಡ’ ಎಂದು ಎಷ್ಟು ಸಲ! ಯಾಕೆ ಬೇಡ ಎಂಬುದು ಒಮ್ಮೆಯೂ ಇಲ್ಲ. ಊರೆಲ್ಲ ಸುತ್ತಬೇಡ, ಒಂದನ್ನೇ ಹಿಡಿ: ಇರಾಕಿನಲ್ಲಿ, ಟೈಗ್ರಿಸ್ ನದಿಯ ತಿರುವಿನಲ್ಲಿರುವ ಕುತ್.

ಮೊದಲ ಮಹಾಯುದ್ಧ. 1914ರ ನವೆಂಬರಿನಲ್ಲಿ ಬ್ರಿಟಿಷರು ಭಾರತದ ಪಡೆಯನ್ನು ಆಗ ತುರ್ಕರ ಕೈಯಲ್ಲಿದ್ದ ಆ ನಾಡಿನಲ್ಲಿ ಇಳಿಸಿದ್ದಕ್ಕೆ ಒಂದು ಕಾರಣ ಪಕ್ಕದ ಇರಾನಿನ ಅಬಾದಾನಿನ ಖನಿಜ ತೈಲದ ಕಾವಲು. ಆಸೆ ಬಾಗ್ದಾದಿನವರೆಗೆ ಬೆಳೆಯಿತು. ಅಷ್ಟು ದೂರ ಸಾಮಾನು ಸಾಗಿಸುವಷ್ಟು ದೋಣಿ ಮಾತ್ರ ಇರಲಿಲ್ಲ. ಮರುವರ್ಷ ಬಾಗ್ದಾದಿನ ಹತ್ತಿರದ ಕ್ಟೆಸಿಫೋನಿನ ಕಾಳಗದಲ್ಲಿ ಈ ಪಡೆಯ ಸತ್ತವರು, ಗಾಯಾಳುಗಳು ಸೇರಿ ಸುಮಾರು 4,600. ಮೂಳೆ ಮುರಿದವರನ್ನು ಸ್ಪ್ರಿಂಗ್ ಇಲ್ಲದ ಗಾಡಿಯಲ್ಲಿ ಹೇರಿ ನದಿಗೆ ತಂದರು.

ಹಿಂದೆ ಸರಿದ ಪಡೆ ಕುತ್‌ನಲ್ಲಿ 147 ದಿನ ತುರ್ಕರ ಮುತ್ತಿಗೆಗೆ ಸಿಕ್ಕಿತು. ಬಿಳಿ ಬ್ರೆಡ್ ತಿಂದ ಬ್ರಿಟಿಷ್ ಸೈನಿಕರಿಗೆ ಬೆರಿಬೆರಿ ಹಿಡಿಯಿತು, ಅದು ವಿಟಮಿನ್ ಬಿ1 ಕೊರತೆಯ ರೋಗ, ತೌಡು ತೆಗೆದ ಹಿಟ್ಟಿನಲ್ಲಿ ಆ ಸತ್ವ ಹೆಚ್ಚು ಉಳಿಯದು. (ಭತ್ತ ಬೇಯುವಾಗ ತೌಡಿನ ಸತ್ವ ಕಾಳಿನೊಳಗೆ ಇಳಿಯುತ್ತದೆ, ನಮ್ಮ ಕುಚ್ಚಿಲಕ್ಕಿಯ ಗುಟ್ಟು ಅದೇ.) ಆಟ್ಟಾ ತಿಂದ ಭಾರತೀಯರು ಅದರಿಂದ ಪಾರಾದರು. ಆದರೆ ತರಕಾರಿ ಇಲ್ಲ. ಜಾತಿ, ಧರ್ಮದ ಅಂಜಿಕೆಯಿಂದ ಕುದುರೆ ಮಾಂಸವನ್ನೂ ಬಹುಕಾಲ ಮುಟ್ಟಲಿಲ್ಲ. ಸ್ಕರ್ವಿ ಬಂತು. ಒಸಡು ಬಾತು ರಕ್ತ ಸೋರುವ, ಮಾಗಿದ ಗಾಯವೂ ಬಿರಿಯುವ ರೋಗ. ದಿನಕ್ಕೊಂದು ನೆಲ್ಲಿಕಾಯಿ ತಡೆಯುವಂಥದ್ದು.

ಸುಮಾರು 13,000 ಮಂದಿಯನ್ನು ಬಿಡಿಸಲು ಹೋಗಿ ಸತ್ತು, ಗಾಯಗೊಂಡವರು ಸುಮಾರು 23,000. ಆದರೂ 1916ರ ಏಪ್ರಿಲ್ 29ರಂದು ಶರಣಾಗತಿ. ಸೈನಿಕರನ್ನು ಮರುಭೂಮಿಯಲ್ಲಿ ನಡೆಸಿದರು, ಸಾವಿರಗಟ್ಟಲೆ ಜನ ಸೆರೆಯಲ್ಲೇ ಸತ್ತರು. ಸೇನಾಪತಿ ಟೌನ್‌ಶೆಂಡ್‌ಗೆ ಇಸ್ತಾಂಬುಲ್ ಪಕ್ಕದ ದ್ವೀಪದಲ್ಲಿ ಮನೆ ಸಿಕ್ಕಿತು.

ಯುದ್ಧಕ್ಕೆ ಇಳಿಯುವ ಮುನ್ನ ಭಾರತೀಯರನ್ನು ಯಾರೂ ಕೇಳಿರಲಿಲ್ಲ. 1917ರಲ್ಲಿ ಅದೇ ಭಾರತದ ಹೆಸರಿನಲ್ಲಿ ಬ್ರಿಟನ್ನಿನ ಯುದ್ಧ ಖರ್ಚಿಗೆ 10 ಕೋಟಿ ಪೌಂಡ್ ಕೊಟ್ಟರು, ಸಾಲ ಎತ್ತಿ. ಅದಕ್ಕಿಟ್ಟ ಹೆಸರು ‘ಉಡುಗೊರೆ’!

ನಮ್ಮವರ ಶೌರ್ಯಕ್ಕೆ ಅವಮಾನ ಅಲ್ಲವೇ ಎಂದು ಸಭೆಯಲ್ಲಿ ಯಾರಾದರೂ ಕೇಳಿಯಾರು. ಅವರು ಶೂರರೇ, ಒಪ್ಪಿಕೋ. ಅವರನ್ನು ಅಲ್ಲಿಗೆ ಕಳಿಸಿದವರ ಲೆಕ್ಕ ಕೇಳುವುದು ಬೇರೆ ಮಾತು.

ಕೊನೆಗೆ ಮೆಜಿದಿಯೆ ಹಡಗಿನ ಸಂಗತಿ ಇಡು. ಕ್ಟೆಸಿಫೋನಿನ ಗಾಯಾಳುಗಳನ್ನು ಹೊತ್ತು ಅದು ಬಸ್ರಾಕ್ಕೆ ಬಂದಾಗ ಬದಿಯಲ್ಲಿ ಹಗ್ಗ ಜೋತುಬಿದ್ದಂತೆ ವೈದ್ಯಾಧಿಕಾರಿ ಮೇಜರ್ ಕಾರ್ಟರ್‌ಗೆ ಕಂಡಿತು. ಹತ್ತಿರ ಬಂದಾಗ ನೋಡಿದರೆ ಹಗ್ಗವಲ್ಲ, ಎದ್ದು ಹೋಗಲಾಗದೆ ಭೇದಿಯಾದವರ ಮಲ. ವರದಿ ಮಾಡಿದ ಕಾರ್ಟರನನ್ನೇ ಮೇಲಧಿಕಾರಿಗಳು ಬೆದರಿಸಿದರು. ಈ ಭಾಗ ಓದುವಾಗ ದನಿ ಏರಿಸಬೇಡ.

ನಿನ್ನ
ಅಪ್ಪ