ನಾನೂರರ ನಂಬರಿನ ಹುಡುಗಿಗೆ

ಪ್ರೀತಿಯ ಪುಟ್ಟಿಗೆ,

ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಡಿಪ್ಲೊಮಾ ಮುಗಿಸಿದವರು ನೇರವಾಗಿ ಬಿ.ಇ. ಎರಡನೇ ವರ್ಷಕ್ಕೆ ಸೇರೋಕೆ ಬರೆಯುವ ಡಿಸಿಇಟಿ ಪರೀಕ್ಷೆ ಬರೆದು ಮೈಸೂರಿನಲ್ಲಿ ನಿನಗೆ ಎಲೆಕ್ಟ್ರಾನಿಕ್ಸ್ ಸೀಟು ಸಿಕ್ಕಿತು ಅಂತ ನಿಮ್ಮಮ್ಮ ಹೇಳಿದಾಗ ತುಂಬಾ ಖುಷಿಯಾಯಿತು. ಆದರೆ ಮೊನ್ನೆ ಫೋನಿನಲ್ಲಿ ನಿನ್ನ ದನಿ ಸಪ್ಪಗಿತ್ತು. "ಅವರೆಲ್ಲ ಒಂದು ವರ್ಷದಿಂದ ಜೊತೆಗಿದ್ದಾರೆ ದೊಡ್ಡಮ್ಮ, ನಾನು ಮಧ್ಯದಲ್ಲಿ ಬಂದವಳು" ಅಂದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತೆ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲೇ ಕೆಲಸ ಮಾಡಿದವಳು. ನಿನ್ನ ಹಾಗೆ ನೇರವಾಗಿ ಎರಡನೇ ವರ್ಷಕ್ಕೆ ಬಂದು ಸೇರುವ ಮಕ್ಕಳನ್ನು ಪ್ರತಿ ವರ್ಷ ನೋಡಿದ್ದೇನೆ.

ಮೊದಲು ಈ ಲೆಕ್ಕ ಮಾಡು. ಅವರು ಓದಿದ್ದು ಪಿಯುಸಿ ಎರಡು ವರ್ಷ, ಬಿ.ಇ. ಒಂದು ವರ್ಷ. ನೀನು ಓದಿದ್ದು ಡಿಪ್ಲೊಮಾ ಮೂರು ವರ್ಷ. ಎಸ್ಸೆಸ್ಸೆಲ್ಸಿ ಆದಮೇಲೆ ಎಲ್ಲರಿಗೂ ಆಗಿರುವುದು ಮೂರೇ ವರ್ಷ. ದಾರಿ ಬೇರೆ, ಅಷ್ಟೇ. ನೀನು ಯಾರ ಮನೆಗೂ ನೆಂಟಳಾಗಿ ಹೋಗಿಲ್ಲ.

ಈಗ ನಿನ್ನ ಯುಎಸ್‌ಎನ್, ಅಂದರೆ ಯೂನಿವರ್ಸಿಟಿ ಕೊಡುವ ನಂಬರಿನ ವಿಷಯ. ನಿಮ್ಮ ಯೂನಿವರ್ಸಿಟಿ ವಿಟಿಯುನಲ್ಲಿ ಡಿಪ್ಲೊಮಾದಿಂದ ಬಂದವರ ನಂಬರ್ 400ರಿಂದ ಶುರುವಾಗುತ್ತದೆ. ನೋಡೋಕೆ ಸಣ್ಣ ವಿಷಯ. ಆದರೆ ಹಾಜರಿ ಕೂಗುವಾಗ ನಿಮ್ಮ ಹೆಸರು ಕೊನೆಗೆ ಬರುತ್ತದೆ. ಲ್ಯಾಬ್ ಬ್ಯಾಚನ್ನು ನಂಬರ್ ಪ್ರಕಾರ ಮಾಡಿದರೆ ನೀವೆಲ್ಲ ಕೊನೆಯ ಬ್ಯಾಚಿಗೆ ಬೀಳುತ್ತೀರಿ. ಕ್ಲಾಸಿನಲ್ಲೂ ಹಿಂದಿನ ಎರಡು ಬೆಂಚಿನಲ್ಲಿ ಒಟ್ಟಿಗೆ ಕೂರುತ್ತೀರಿ, ಕ್ಯಾಂಟೀನಿಗೂ ಒಟ್ಟಿಗೇ ಹೋಗುತ್ತೀರಿ. ಎಂಟನೇ ಸೆಮಿಸ್ಟರ್ ಮುಗಿಯುವಾಗ ಮುಂದಿನ ಬೆಂಚಿನವರ ಹೆಸರೂ ಸರಿಯಾಗಿ ಗೊತ್ತಿರುವುದಿಲ್ಲ. ಇದನ್ನು ಯಾರೂ ಬೇಕು ಅಂತ ಮಾಡುವುದಲ್ಲ, ತಾನಾಗಿ ಆಗಿಬಿಡುತ್ತದೆ. ಆದರೆ ಹಳೆಯ ಪ್ರಶ್ನೆಪತ್ರಿಕೆ, ಒಳ್ಳೆ ನೋಟ್ಸ್, ಎಲ್ಲಿ ಇಂಟರ್ನ್‌ಶಿಪ್ ಸಿಗುತ್ತೆ ಅನ್ನುವ ಸುದ್ದಿ ಎಲ್ಲಾ ಓಡಾಡುವುದು ಆ ಹಳೆಯ ಗೆಳೆತನದೊಳಗೆ. ನಿನಗೆ ಅದು ತಲುಪುವುದೇ ಇಲ್ಲ.

ಹಾಗಾಗಿ ಡಿಪ್ಲೊಮಾ ಗೆಳತಿಯರನ್ನು ಬಿಡಬೇಡ, ಆದರೆ ಅವರ ಜೊತೆಗೇ ಅಂಟಿಕೊಂಡೂ ಇರಬೇಡ. ಮಿನಿ ಪ್ರಾಜೆಕ್ಟಿಗೆ ಗುಂಪು ಮಾಡಿ ಅಂದಾಗ, ಕರೆಯಲಿ ಅಂತ ಕಾಯಬೇಡ. ನೀನೇ ಹೋಗಿ ಕೇಳು. "ಸರ್ಕ್ಯೂಟ್ ಕಟ್ಟೋದು, ಸೋಲ್ಡರಿಂಗ್ ನಾನು ನೋಡ್ಕೋತೀನಿ, ನಿಮ್ಮ ಗುಂಪಿಗೆ ಸೇರಿಸ್ಕೊಳ್ಳಿ" ಅನ್ನು. ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಯಾಕೆ ಇಷ್ಟು ಧೈರ್ಯವಾಗಿ ಹೇಳುತ್ತೇನೆ ಗೊತ್ತಾ? ಒಮ್ಮೆ ನಮ್ಮ ಲ್ಯಾಬಿನಲ್ಲಿ ಆಪ್-ಆ್ಯಂಪ್ ಅನ್ನುವ ಚಿಪ್ಪಿನ ಪ್ರಯೋಗ ನಡೆದಿತ್ತು. ಒಂದು ಟೇಬಲ್ಲಿನ ಮಕ್ಕಳಿಗೆ ಔಟ್‌ಪುಟ್ ಬರುತ್ತಲೇ ಇಲ್ಲ. ಮೂವರೂ ಚೆನ್ನಾಗಿ ಓದುವವರು. ಫಾರ್ಮುಲಾ ಮತ್ತೆ ನೋಡಿದರು, ಐಸಿ ಬದಲಾಯಿಸಿದರು, ಆದರೂ ಇಲ್ಲ. ಪಕ್ಕದ ಟೇಬಲ್ಲಿನಲ್ಲಿದ್ದ ಡಿಪ್ಲೊಮಾ ಹುಡುಗ ಮಲ್ಟಿಮೀಟರ್ ತಂದ. ಬೀಪ್ ಬರುವ ಹಾಗೆ ಇಟ್ಟುಕೊಂಡು, ಸರ್ಕ್ಯೂಟ್ ಚುಚ್ಚಿ ಕಟ್ಟುವ ತೂತಿನ ಹಲಗೆ ಬ್ರೆಡ್‌ಬೋರ್ಡಿನ ಅಂಚಿನ ಉದ್ದದ ಸಾಲನ್ನು ಈ ತುದಿಯಿಂದ ಆ ತುದಿಗೆ ಮುಟ್ಟಿ ನೋಡುತ್ತಾ ಹೋದ. ಮಧ್ಯದವರೆಗೆ ಬೀಪ್ ಬಂತು, ಆಮೇಲೆ ಇಲ್ಲ. ಕೆಲವು ಬೋರ್ಡುಗಳಲ್ಲಿ ಆ ಸಾಲು ಅರ್ಧಕ್ಕೇ ತುಂಡಾಗಿರುತ್ತದೆ ಅಲ್ವಾ, ಗ್ರೌಂಡ್ ಅಲ್ಲೇ ನಿಂತುಹೋಗಿತ್ತು. ಒಂದು ಬೆರಳುದ್ದ ವೈರ್ ಚುಚ್ಚಿದ. ಸ್ಕ್ರೀನಿನ ಮೇಲೆ ಸೈನ್ ವೇವ್ ಬಂತು. ಆ ಮೂವರ ಮುಖ ನೋಡಬೇಕಿತ್ತು! ಅವತ್ತು ಸಂಜೆ ಅವನನ್ನೂ ಕ್ಯಾಂಟೀನಿಗೆ ಕರೆದುಕೊಂಡು ಹೋದರು. ಇಂಟರ್ನಲ್ಸ್, ಅಂದರೆ ಕಾಲೇಜಿನಲ್ಲೇ ನಡೆಯುವ ಟೆಸ್ಟುಗಳು ಹತ್ತಿರ ಬಂದಾಗ ಅವನಿಗೆ ಗಣಿತದ ಲ್ಯಾಪ್ಲಾಸ್ ಪಾಠ ಹೇಳಿಕೊಟ್ಟವರೂ ಅವರೇ.

ನಿನ್ನ ಕೈಯಲ್ಲಿ ಮೂರು ವರ್ಷದ ಕೆಲಸ ಇದೆ. ಅವರ ಕೈಯಲ್ಲಿ ಗಣಿತ ಇದೆ. ಕೊಟ್ಟು ತೆಗೆದುಕೊಳ್ಳಿ.

ಗಣಿತದ ಬಗ್ಗೆ ಮಾತ್ರ ಉದಾಸೀನ ಬೇಡ. ಡಿಪ್ಲೊಮಾ ಮಕ್ಕಳು ಎಡವುವುದು ಜಾಸ್ತಿ ಇಲ್ಲೇ. ಫೂರಿಯರ್ ಸರಣಿಗೆ ಇಂಟಿಗ್ರೇಷನ್ ಬೈ ಪಾರ್ಟ್ಸ್ ಬೇಕು, ಇನ್ವರ್ಸ್ ಲ್ಯಾಪ್ಲಾಸ್‌ಗೆ ಪಾರ್ಷಿಯಲ್ ಫ್ರಾಕ್ಷನ್ ಬೇಕು. ಪಿಯುಸಿ ಮಕ್ಕಳು ಅದನ್ನು ತಿಕ್ಕಿ ತಿಕ್ಕಿ ಬಂದಿರುತ್ತಾರೆ. ಸೆಕೆಂಡ್ ಪಿಯು ಗಣಿತ ಪುಸ್ತಕದ ಎರಡನೇ ಭಾಗ ಯಾರ ಹತ್ತಿರವಾದರೂ ಇಸ್ಕೊ. ಏಳನೇ ಅಧ್ಯಾಯ, ಇಂಟಿಗ್ರಲ್ಸ್. ದಿನಾ ರಾತ್ರಿ ನಾಲ್ಕೈದು ಲೆಕ್ಕ ಮಾಡು. ಸುಮ್ನೆ ಓದಬೇಡ, ಪೆನ್ನು ಹಿಡಿದು ಮಾಡು. ವಿಟಿಯುನ 2018ರ ಸ್ಕೀಮ್‌ನಲ್ಲಿ, ಅಂದರೆ ಆಗಿನ ಪಠ್ಯಕ್ರಮದಲ್ಲಿ, ಡಿಪ್ಲೊಮಾದವರಿಗೆ ಅಂತಲೇ ಮೂರು ಮತ್ತು ನಾಲ್ಕನೇ ಸೆಮಿಸ್ಟರಿನಲ್ಲಿ ಹೆಚ್ಚುವರಿ ಗಣಿತ ಇತ್ತು. ಕ್ರೆಡಿಟ್ ಇಲ್ಲ ಅಂತ ಕೆಲವರು ಕ್ಲಾಸಿಗೇ ಹೋಗುತ್ತಿರಲಿಲ್ಲ. ಆದರೆ ಅದು ಪಾಸಾಗದೆ ಡಿಗ್ರಿ ಬರುವ ಹಾಗಿರಲಿಲ್ಲ. ನಿಮ್ಮ ಸ್ಕೀಮ್‌ನಲ್ಲಿ ಇಂಥದ್ದು ಏನಿದೆ ಅಂತ ವಿಭಾಗದ ಮುಖ್ಯಸ್ಥರಾದ ಎಚ್‌ಒಡಿ ಹತ್ತಿರ ಈ ವಾರವೇ ಕೇಳಿ ತಿಳಿದುಕೊ. ಇಂಗ್ಲಿಷಿನಲ್ಲಿ ಕೇಳೋಕೆ ಕಷ್ಟ ಆದರೆ ಕನ್ನಡದಲ್ಲೇ ಕೇಳು. ಮೈಸೂರಿನಲ್ಲಿ ಅದಕ್ಕೆ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಆಫೀಸಿನ ಕೆಲಸ ಒಂದೆರಡು ಇವೆ. ಕೌನ್ಸೆಲಿಂಗ್ ತಡವಾಗಿ ನೀನು ಸೇರುವ ಹೊತ್ತಿಗೆ ಕ್ಲಾಸ್ ಶುರುವಾಗಿತ್ತು. ನಿನ್ನ ಹಾಜರಿ ಯಾವ ತಾರೀಖಿನಿಂದ ಲೆಕ್ಕ ಅಂತ ಕೇಳಿ ಬರೆದಿಟ್ಟುಕೊ, 85 ಪರ್ಸೆಂಟ್ ಬೇಕಲ್ಲ. ಇಂಟರ್ನಲ್ಸ್‌ನಲ್ಲಿ 50ಕ್ಕೆ 20 ಬಾರದಿದ್ದರೆ ಕೊನೆಯ ಪರೀಕ್ಷೆಗೇ ಕೂರಿಸುವುದಿಲ್ಲ. ಅದಕ್ಕೇ ಮೊದಲ ಟೆಸ್ಟನ್ನು ಹಗುರವಾಗಿ ತಗೋಬೇಡ. ಸ್ಕಾಲರ್‌ಶಿಪ್‌ಗೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಹೊಸ ಕಾಲೇಜಿನ ವಿವರ ಹಾಕಿ ಅರ್ಜಿ ಕೊಡು.

ಇನ್ನು ನಿಮ್ಮಮ್ಮ ಹೇಳಿದ ಮಾತು: "ಕ್ಲಬ್ಬು ಗಿಬ್ಬು ಬೇಡ, ಓದು ಮಾತ್ರ ನೋಡ್ಕೋ." ನಾನು ಇದನ್ನು ಒಪ್ಪುವುದಿಲ್ಲ, ಅವಳಿಗೂ ಹೇಳಿದ್ದೇನೆ. ನಾಲ್ಕು ಕಡೆ ಹೆಸರು ಕೊಡಬೇಡ, ಒಂದು ಕಡೆ ಸೇರು, ಬಿಡದೆ ಹೋಗು. ಹೇಗಿದ್ದರೂ ಎಐಸಿಟಿಇ ಆ್ಯಕ್ಟಿವಿಟಿ ಪಾಯಿಂಟ್ಸ್, ಅಂದರೆ ಕ್ಲಾಸಿನ ಹೊರಗೆ ಸಮಾಜಕ್ಕಾಗಿ ಮಾಡುವ ಕೆಲಸದ ಪಾಯಿಂಟು, ಮಾಡಲೇಬೇಕು. ಮೊದಲಿಂದ ಇದ್ದವರಿಗೆ 100, ನಿಮಗೆ 75. ಕೊನೆಯ ವರ್ಷದಲ್ಲಿ ಸರ್ಟಿಫಿಕೇಟಿಗಾಗಿ ಓಡಾಡುವ ಬದಲು ಈಗಲೇ ಕ್ಲಾಸಿನವರ ಜೊತೆ ಒಂದು ಹಳ್ಳಿಗೋ ಸರ್ಕಾರಿ ಶಾಲೆಗೋ ಹೋಗಿ ಕೆಲಸ ಮಾಡು. ಬಿಸಿಲಿನಲ್ಲಿ ಒಟ್ಟಿಗೆ ಗಿಡ ನೆಟ್ಟವರ ಜೊತೆ ಮಾತು ತಾನಾಗಿ ಬೆಳೆಯುತ್ತದೆ. ಕಾಲೇಜು ಮಕ್ಕಳಿಗೆ ಕೇಂದ್ರ ಸರ್ಕಾರ ನಡೆಸುವ ಸ್ಪರ್ಧೆ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ಗೆ ತಂಡದಲ್ಲಿ ಆರು ಜನ ಇರಬೇಕು, ಅದರಲ್ಲಿ ಒಬ್ಬ ಹುಡುಗಿಯಾದರೂ ಇರಲೇಬೇಕು. ಹಾಗಂತ ಲೆಕ್ಕಕ್ಕೆ ಮಾತ್ರ ಸೇರಿಸಿಕೊಂಡು ಪಿಪಿಟಿ ಮಾಡೋಕೆ ಕೂರಿಸಿದರೆ ಒಪ್ಪಬೇಡ. ಹಾರ್ಡ್‌ವೇರ್ ನಾನು ಮಾಡ್ತೀನಿ ಅಂತ ಮೊದಲೇ ಹೇಳು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ಕೆಎಸ್‌ಸಿಎಸ್‌ಟಿ, ಹಣಸಹಾಯ ಕೊಡುತ್ತದೆ, 1977ರಿಂದ ನಡೆಸಿಕೊಂಡು ಬಂದಿದ್ದಾರೆ. ಅದನ್ನೂ ತಲೆಯಲ್ಲಿಟ್ಟುಕೊ.

ನೋಟ್ಸಿಗೆ ತಾರೀಖು ಹಾಕಿ ಜೋಪಾನವಾಗಿ ಇಡು. ಮುಂದಿನ ವರ್ಷವೂ ನಾನೂರರ ನಂಬರಿನವರು ತಡವಾಗಿ ಬರುತ್ತಾರೆ. ಅವರು ಕೇಳುವ ಮೊದಲೇ ನೀನೇ ಹೋಗಿ ಕೊಡು.

ಹಾಸ್ಟೆಲ್ ಊಟ ಹಿಡಿಸುತ್ತಿಲ್ಲ ಅಂದರೆ ಮುಚ್ಚುಮರೆ ಇಲ್ಲದೆ ಹೇಳು, ಚಟ್ನಿಪುಡಿ ಮಾಡಿ ಬಸ್ಸಿನಲ್ಲಿ ಕಳಿಸುತ್ತೇನೆ. ಭಾನುವಾರ ಫೋನ್ ಮಾಡುವಾಗ ಇಂಟಿಗ್ರಲ್ಸ್‌ನಲ್ಲಿ ಎಲ್ಲಿಗೆ ಬಂದೆ, ಮಿನಿ ಪ್ರಾಜೆಕ್ಟಿಗೆ ಯಾರ ಹತ್ತಿರ ಕೇಳಿದೆ, ಎರಡನ್ನೂ ಹೇಳಬೇಕು.

ಇತಿ,
ನಿನ್ನ ದೊಡ್ಡಮ್ಮ