ಹೊಸ ಲಾಟ್‌ನ ಎಚ್‌ಡಿಪಿಇ ಪೈಪ್ ಸೀಳಿದ ಬಗ್ಗೆ ದೂರು

ಇಂದ:
ಅಡಿಕೆ ಬೆಳೆಗಾರ, ಹೊಳಲ್ಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ

ಗೆ:
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ, ಪೈಪ್ ಕಂಪನಿ

ಮಾನ್ಯರೇ,

ನಿಮ್ಮ ಡೀಲರ್ ಹತ್ತಿರ ತಂದ ಪೈಪ್ ಒಂದು ಬೇಸಿಗೆ ದಾಟುವುದರೊಳಗೆ ಮೂರು ಕಡೆ ಸೀಳಿದೆ. ನಿಮ್ಮವರು ಬಂದು ನೋಡಿ, 'ಪ್ರೆಷರ್ ಟೆಸ್ಟ್ ಪಾಸಾದ ಮಾಲು, ನೀವೇ ಕ್ಲಾಂಪ್ ಜಾಸ್ತಿ ಬಿಗಿದಿದ್ದೀರಿ' ಎಂದು ಬರೆದು ಹೋದರು. ಇದನ್ನು ನಾನು ಒಪ್ಪುವುದಿಲ್ಲ.

ಪಕ್ಕದ ಬೋರ್‌ವೆಲ್‌ಗೆ ಹಾಕಿರುವುದೂ ನಿಮ್ಮದೇ ಪೈಪ್, ಹಳೇ ಲಾಟ್. ಅದೇ ಎಚ್‌ಪಿ ಮೋಟಾರ್, ಅದೇ ಅಳತೆ, ಅದೇ ಫಿಟ್ಟರ್ ಬಿಗಿದ ಕ್ಲಾಂಪ್. ಅದಕ್ಕೆ ಏನೂ ಆಗಿಲ್ಲ. ಹಾಗಾದ್ರೆ ಬದಲಾಗಿದ್ದು ಪ್ಲಾಸ್ಟಿಕ್ ಅಲ್ವಾ?

ಸೀಳಿದ ತುಂಡನ್ನು ಹ್ಯಾಕ್ಸಾದಲ್ಲಿ ಕೊಯ್ದು ಬಿಸಿಲಿಗೆ ಹಿಡಿದು ನೋಡಿದೆ. ಕ್ಲಾಂಪ್ ಅಂಚು ಒತ್ತಿದ ಕಡೆಯಿಂದ ಪೈಪಿನ ದಪ್ಪದೊಳಕ್ಕೆ ಸಾಲು ಸಾಲಾಗಿ ಕಮಾನು ಗೆರೆಗಳಿವೆ. ಎಲ್ಲೂ ಪ್ಲಾಸ್ಟಿಕ್ ಜಗ್ಗಿ ತೆಳುವಾಗಿಲ್ಲ. ಒಂದೇ ಏಟಿಗೆ ಒಡೆದದ್ದು ಹೀಗಿರುವುದಿಲ್ಲ. ಬಿರುಕು ನಿಂತು ನಿಂತು ಮುಂದೆ ಹೋಗಿದೆ. ನಮ್ಮ ಕಡೆ ಕರೆಂಟ್ ಹೋಗುತ್ತೆ, ಬರುತ್ತೆ. ಬಂದಾಗಲೆಲ್ಲ ಆಟೋ ಸ್ಟಾರ್ಟರ್ ಮೋಟಾರ್ ಎತ್ತುತ್ತದೆ. ಪ್ರತಿ ಸಲವೂ ಪೈಪ್ ಉಬ್ಬಿ ಇಳಿಯುತ್ತದೆ.

ತೋಟಕ್ಕೆ ಬರುವ ಮೊದಲು ನಾನು ಪಾಲಿಮರ್ ಓದಿದವನು. ಆ ಓದು ಅಡಿಕೆಗೆ ಬರಲಿಲ್ಲ, ಈ ಪತ್ರಕ್ಕಾದರೂ ಬಂತು. ಎಚ್‌ಡಿಪಿಇ ಒಂದು ಬಗೆಯ ಪಾಲಿಥೀನ್. ಪಾಲಿಥೀನ್ ಅಂದ್ರೆ ಉದ್ದುದ್ದ ಅಣು ಸರಪಳಿಗಳು. ಅವು ಮಡಚಿಕೊಂಡು ತೆಳು ಹರಳಿನ ಪದರಗಳಾಗುತ್ತವೆ, ನಡುವೆ ಸಡಿಲ ಜಾಗ. ಅಣುತೂಕ ಜಾಸ್ತಿ, ಅಂದ್ರೆ ಸರಪಳಿ ಉದ್ದ ಇದ್ದರೆ ಒಂದೇ ಸರಪಳಿ ಈ ಪದರದಿಂದ ಆ ಪದರಕ್ಕೆ ದಾಟಿ ಎರಡನ್ನೂ ಕಟ್ಟಿ ಹಿಡಿಯುತ್ತದೆ. ಗಿಡ್ಡ ಸರಪಳಿ ಅಷ್ಟು ದೂರ ಎಟುಕುವುದಿಲ್ಲ. ತುಂಡು ನಾರಲ್ಲಿ ಹೊಸೆದ ಹಗ್ಗದ ಹಾಗೆ, ಎಳೆದಾಗಲೆಲ್ಲ ಒಂದಿಷ್ಟು ಎಳೆ ಜಾರುತ್ತದೆ. ಒಂದು ಸಲ ಜಗ್ಗಿ ನೋಡಿದರೆ ಎರಡಕ್ಕೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ, ಆ ಬಲ ಮುಖ್ಯವಾಗಿ ಹರಳಿನ ಪ್ರಮಾಣದ್ದು. ಮತ್ತೆ ಮತ್ತೆ ಜಗ್ಗಿದಾಗ ಬಿರುಕು ಓಡುವ ವೇಗದಲ್ಲಿ ಮಾತ್ರ ಭಾರೀ ವ್ಯತ್ಯಾಸ. ಅದಕ್ಕೇ ನಿಮ್ಮ ಪ್ರೆಷರ್ ಟೆಸ್ಟ್ ಕಾಗದ ಇಲ್ಲಿ ಉತ್ತರವೇ ಅಲ್ಲ. ಪೈಪ್ ಮೇಲೆ ಅಚ್ಚಾಗಿರುವ 'ಪಿಇ 100' ಕೂಡ 20 ಡಿಗ್ರಿಯಲ್ಲಿ 50 ವರ್ಷ ಪೈಪಿನ ಗೋಡೆ ಒಂದೇ ಸಮ 10 ಮೆಗಾಪಾಸ್ಕಲ್ ಎಳೆತ ತಡೆಯುವ ಲೆಕ್ಕ. ಮೋಟಾರ್ ಆನ್-ಆಫ್ ಅದರಲ್ಲಿ ಬರುವುದಿಲ್ಲ.

ಗಿಡ್ಡ ಸರಪಳಿಯ ಗ್ರೇಡ್ ಕರಗಿದರೆ ಸಲೀಸಾಗಿ ಹರಿಯುತ್ತದೆ, ಮಷಿನ್ ಬೇಗ ಓಡುತ್ತದೆ. ಆ ಆಸೆ ಯಾರಿಗಿಲ್ಲ? ನೀವು ಗ್ರೇಡ್ ಬದಲಿಸಿದ್ದೀರಿ ಅಂತ ಸುಮ್ನೆ ಆರೋಪ ಮಾಡುತ್ತಿಲ್ಲ, ಬದಲಿಸಿಲ್ಲ ಅಂತ ತೋರಿಸಿ.

ಎರಡೂ ಲಾಟ್‌ನ ಮೆಲ್ಟ್ ಫ್ಲೋ ರಿಪೋರ್ಟ್, ಅಂದ್ರೆ ಕರಗಿದ ಪ್ಲಾಸ್ಟಿಕ್ ಎಷ್ಟು ಹರಿಯಿತು ಎಂಬ ಲೆಕ್ಕ, ಕಳಿಸಿ. 190 ಡಿಗ್ರಿಯಲ್ಲಿ, 5 ಕೆಜಿ ತೂಕಕ್ಕೆ, 10 ನಿಮಿಷದಲ್ಲಿ ಎಷ್ಟು ಗ್ರಾಂ ಇಳಿಯಿತು? ಹೊಸದರ ಅಂಕಿ ಜಾಸ್ತಿ ಇದ್ದರೆ ಸರಪಳಿ ಗಿಡ್ಡ ಎಂದೇ ಅರ್ಥ. ನೀವು ಕೊಡದಿದ್ದರೆ ಎರಡೂ ಪೈಪಿನ ತುಂಡುಗಳನ್ನು ಮೈಸೂರಿನ ಸಿಪೆಟ್‌ಗೆ (ಪ್ಲಾಸ್ಟಿಕ್ ಪರೀಕ್ಷೆ ಮಾಡುವ ಕೇಂದ್ರ ಸರ್ಕಾರಿ ಸಂಸ್ಥೆ) ನಾನೇ ಕಳಿಸುತ್ತೇನೆ. ತಪ್ಪು ಮಾಲಿನದು ಎಂದು ಬಂದರೆ ಆ ಖರ್ಚೂ ನಿಮ್ಮದೇ. ಅಲ್ಲಿಯವರೆಗೆ ತೋಟ ಕಾಯುವುದಿಲ್ಲ, ಹಳೇ ಗ್ರೇಡ್‌ನ ಪೈಪ್ ಮೊದಲು ಕಳಿಸಿಕೊಡಿ. 15 ದಿನದಲ್ಲಿ ಉತ್ತರ ಬರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಬಿಲ್ಲು ಮತ್ತು ಲಾಟ್ ನಂಬರ್ ಕಾಣುವ ಫೋಟೊ ಜೊತೆಗಿವೆ.

ಇಂತಿ,
ನಿಮ್ಮ ಗ್ರಾಹಕ