ನಿನ್ನ ಅಜ್ಜ ಆ ಮೆಟ್ಟಿಲು ಹತ್ತಿದ್ದು ಹೇಗೆ?

ದಾವಣಗೆರೆ

ತಮ್ಮಾ,

ನಿನ್ನ ಕಾದಂಬರಿಯನ್ನು ಎರಡು ರಾತ್ರಿ ಕೂತು ಓದಿದೆ. 2070ರ ದಾವಣಗೆರೆ. ಊರನ್ನೇ ಗುತ್ತಿಗೆಗೆ ಹಿಡಿದ ಒಂದು ಕಂಪನಿ. ಮತ್ತೆ ಶುರುವಾದ ಹತ್ತಿ ಮಿಲ್ಲು. ಸಾಯೋಕೂ ಅರ್ಜಿ ಹಾಕಬೇಕಾದ ಕಾಲ. ಮೂರು ತಿಂಗಳ ಆಯಸ್ಸು ಉಳಿದಿರುವ ಒಬ್ಬ ಮುದುಕ ಕಾರ್ಮಿಕ, ಅವನ ಸೇಡಿನ ಪಟ್ಟಿಯಲ್ಲಿ ಐದು ಹೆಸರು. ಕೈ ಬಿಡಬೇಡ, ಇದರಲ್ಲಿ ದಮ್ ಇದೆ.

ಆದರೆ ಮೂರನೇ ಅಧ್ಯಾಯದಲ್ಲಿ ನಾನು ನಿಂತುಬಿಟ್ಟೆ. ನಿನ್ನ ಕಾದಂಬರಿಯ ಆ ಅಜ್ಜ ಮಚ್ಚು ಹಿಡಿದು ನಾಲ್ಕು ಮಹಡಿ ಹತ್ತುತ್ತಾನೆ. ಮ್ಯಾನೇಜರನ ಕೊರಳಪಟ್ಟಿ ಹಿಡಿದು ಒಂದೂವರೆ ಪುಟ ಭಾಷಣ ಮಾಡುತ್ತಾನೆ. ಮೊದಲನೇ ಅಧ್ಯಾಯದಲ್ಲೇ ಡಾಕ್ಟರು ಅವನ ಶ್ವಾಸಕೋಶ ಪೂರ್ತಿ ಹೋಗಿದೆ ಅಂದಿದ್ದರು, ಅಲ್ವಾ?

ನಮ್ಮಪ್ಪ ಇದೇ ಊರಿನ ಒಂದು ಮಿಲ್ಲಿನಲ್ಲಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ ಅದು. ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಅವರಿಗೆ ಎದೆ ಹಿಡಿದುಕೊಳ್ಳುತ್ತಿತ್ತು. ವಾರ ಕಳೆಯುತ್ತಾ ಸಡಿಲವಾಗುತ್ತಿತ್ತು. ಹತ್ತಿ ದೂಳಿನ ಕಾಯಿಲೆ ಶುರುವಾಗುವುದೇ ಹಾಗೆ. ಬಿಸಿನೋಸಿಸ್ ಅನ್ನುತ್ತಾರೆ, ಮಂಡೇ ಫೀವರ್ ಅಂತಲೂ ಹೆಸರಿದೆ. ವರ್ಷಗಳು ಕಳೆದ ಮೇಲೆ ಸೋಮವಾರ, ಶನಿವಾರ ಎಲ್ಲಾ ಒಂದೇ. ಕೊನೆಕೊನೆಗೆ ಅಪ್ಪ ಮಂಡಕ್ಕಿ ತರುತ್ತೇನೆ ಅಂತ ಮೂಲೆ ಅಂಗಡಿಗೆ ಹೊರಟರೆ ದಾರಿಯಲ್ಲಿ ಮೂರು ಕಡೆ ನಿಲ್ಲುತ್ತಿದ್ದರು. ಸುಸ್ತಾಗಿದೆ ಅಂತ ಒಪ್ಪಿಕೊಳ್ಳುವ ಜನ ಅಲ್ಲ. ಗೋಡೆಗೆ ಅಂಟಿಸಿದ ಸಿನಿಮಾ ಪೋಸ್ಟರ್ ಓದುವವರ ಹಾಗೆ ನಿಲ್ಲುತ್ತಿದ್ದರು. ದಿನಾ ಅದೇ ಪೋಸ್ಟರ್. ರಾತ್ರಿ ಮಲಗಲು ಆಗುತ್ತಿರಲಿಲ್ಲ. ತೊಡೆಯ ಮೇಲೆ ದಿಂಬು ಇಟ್ಟುಕೊಂಡು, ಮುಂದಕ್ಕೆ ಬಾಗಿ ಕೂತೇ ಬೆಳಗು ಮಾಡುತ್ತಿದ್ದರು. ಮೂರು ಮಾತು, ಒಂದು ಉಸಿರು, ಮತ್ತೆ ಮೂರು ಮಾತು. ನನಗೆ ಬೈಯುವಾಗ ಬೈಗುಳವೂ ಕಂತಿನಲ್ಲೇ ಬರುತ್ತಿತ್ತು. ನನಗೆ ನಗು ಬಂದುಬಿಡುತ್ತಿತ್ತು. ಅವರಿಗೂ.

ಆ ಭಾಷಣ ಹರಿದು ಹಾಕು. ನಿನ್ನ ಅಜ್ಜನಿಗೆ ಒಂದು ಸಲಕ್ಕೆ ಮೂರೇ ಪದ ಕೊಡು. ನನ್ನ ಮೊದಲ ಕಾದಂಬರಿಯಲ್ಲಿ ಸಾಯುವವನೊಬ್ಬ ಮೂರು ಪುಟ ಮಾತಾಡಿದ್ದ. ಹಿರಿಯ ಓದುಗರೊಬ್ಬರು ಕಾರ್ಡು ಬರೆದಿದ್ದರು: ‘ಇಷ್ಟು ಮಾತಾಡೋನು ಸಾಯಲ್ಲ ಬಿಡಿ, ಚೇತರಿಸ್ಕೊಳ್ತಾನೆ.’ ಇನ್ನೂ ನೆನಪಿದೆ ನೋಡು. ಥ್ರಿಲ್ಲರ್ ಅಂತ ನೀನು ಬಾಂಬು, ಡ್ರೋನು ಎಲ್ಲಾ ತಂದಿದ್ದೀಯ. ಬೇಡ. ಅವನು ಎದ್ದು ಬಾಗಿಲ ಚಿಲಕ ಹಾಕಿ ವಾಪಸ್ ಮಂಚಕ್ಕೆ ಬರುತ್ತಾನೋ ಇಲ್ಲವೋ, ಅಷ್ಟಕ್ಕೇ ಒಂದು ಪುಟ ಕೊಡು.

ಹಾಗಾದರೆ ಸೇಡು ತೀರುವುದು ಹೇಗೆ ಅನ್ನುತ್ತೀಯ. ಒಂದು ಭಾನುವಾರ ದುರ್ಗಕ್ಕೆ ಹೋಗಿ ಬಾ. ಓಬವ್ವನ ಕಿಂಡಿಯ ಮುಂದೆ ಸುಮ್ನೆ ಸೆಲ್ಫಿ ತೆಗೆದುಕೊಂಡು ಬರಬೇಡ, ಸ್ವಲ್ಪ ಹೊತ್ತು ನಿಲ್ಲು. ಗಂಡ ಊಟಕ್ಕೆ ಕೂತಿದ್ದ, ಅವಳು ನೀರು ತರಲು ಹೋಗಿದ್ದಳು, ಹೈದರಾಲಿಯ ಸೈನಿಕರು ಒಬ್ಬೊಬ್ಬರೇ ನುಸುಳುತ್ತಿದ್ದರು. ಈ ಕತೆ ನಿನಗೂ ಬಾಯಿಪಾಠ. ಎಲ್ಲರೂ ಒನಕೆಯ ಏಟಿನ ಬಗ್ಗೆ ಹೇಳುತ್ತಾರೆ. ನನಗೆ ಮೈ ಜುಮ್ ಅನ್ನಿಸುವುದು ಹೆಣ ಎಳೆಯುವ ಕೆಲಸ. ಮುಂದಿನವನ ತಲೆ ಕಾಣುವಷ್ಟರಲ್ಲಿ ಎಳೆದು ಹಾಕಬೇಕು, ಸದ್ದೂ ಆಗಬಾರದು. ಇನ್ನೊಂದು ಗಮನಿಸು: ಅವಳು ಯಾರನ್ನೂ ಹುಡುಕಿಕೊಂಡು ಹೋಗಲಿಲ್ಲ.

ನಿನ್ನ ಅಜ್ಜನೂ ಮೆಟ್ಟಿಲು ಹತ್ತುವುದು ಬೇಡ. ಅವರೇ ಅವನ ಮನೆಗೆ ಬರಲಿ. ಕಂಪನಿಯ ನಿಯಮವೇ ಅವರನ್ನು ಕರೆತರಲಿ. ಪಿಂಚಣಿದಾರರು ವರ್ಷಕ್ಕೊಮ್ಮೆ ಬದುಕಿದ್ದೇವೆ ಅಂತ ತೋರಿಸಬೇಕು, ಗೊತ್ತಲ್ಲ. 2014ರಲ್ಲಿ ಜೀವನ್ ಪ್ರಮಾಣ್ ಅನ್ನುವ ಡಿಜಿಟಲ್ ಪ್ರಮಾಣಪತ್ರ ಬಂದ ಮೇಲೆ ಅದು ಬೆರಳಚ್ಚಿನಲ್ಲೂ ಆಗುತ್ತದೆ. ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುವ ವ್ಯವಸ್ಥೆಯೂ ಇದೆ. ಆದರೆ ದುಡಿದು ದುಡಿದು ಗೆರೆ ಅಳಿಸಿಹೋದ ಬೆರಳನ್ನು ಮೆಷಿನ್ ಎಷ್ಟೋ ಸಲ ಓದುವುದೇ ಇಲ್ಲ. ಕಾರ್ಮಿಕರ ಪಿಂಚಣಿಗೆ 2014ರಲ್ಲಿ ನಿಗದಿಯಾದ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಅಷ್ಟಕ್ಕೆ ಮನುಷ್ಯ ತಾನು ಬದುಕಿದ್ದೇನೆ ಅಂತ ಹೆಬ್ಬೆರಳು ಒತ್ತುತ್ತಾ ಕೂರುತ್ತಾನೆ. ನಿನ್ನ ಕಂಪನಿ ಇದನ್ನೇ ಒಂದು ಹೆಜ್ಜೆ ಮುಂದೆ ಒಯ್ಯಲಿ. ಬೆರಳು ಓದಿಸದಿದ್ದರೆ ಐವರು ಅಧಿಕಾರಿಗಳು ಒಬ್ಬೊಬ್ಬರಾಗಿ ಬಂದು ಕಣ್ಣಾರೆ ನೋಡಿ ಸಹಿ ಹಾಕಬೇಕು. ಸಿಕ್ಕಿತಲ್ಲ ನಿನಗೆ ಕಿಂಡಿ?

ಜಾಸ್ತಿ ಆಯಿತು ಅನ್ನಿಸುತ್ತಾ? ಉತ್ತರ ಪ್ರದೇಶದ ಲಾಲ್ ಬಿಹಾರಿಯನ್ನು ನೋಡು. 1975ರಿಂದ 1994ರ ತನಕ ಸರ್ಕಾರಿ ದಾಖಲೆಯಲ್ಲಿ ಸತ್ತಿದ್ದ ಮನುಷ್ಯ. ಬದುಕಿದ್ದೇನೆ ಅಂತ ತೋರಿಸಲು 1989ರಲ್ಲಿ ರಾಜೀವ್ ಗಾಂಧಿ ವಿರುದ್ಧ ಚುನಾವಣೆಗೆ ನಿಂತ. ಹೆಂಡತಿಗೆ ವಿಧವಾ ವೇತನ ಕೊಡಿ ಅಂತ ಅರ್ಜಿ ಹಾಕಿಸಿದ. ಇದನ್ನು ನೀನೋ ನಾನೋ ಕಟ್ಟಿ ಬರೆದಿದ್ದರೆ ಸಂಪಾದಕರು ನಂಬಲಾಗದು ಅಂತ ವಾಪಸ್ ಕಳಿಸುತ್ತಿದ್ದರು.

ಅದಕ್ಕೇ ಹೇಳುವುದು, ನಗಿಸಲು ಹೋಗಬೇಡ. ಪಿ.ಬಿ. ರಸ್ತೆಯ ಮೇಲೆ ಹಾರುವ ಕಾರು, ರೋಬೋಟ್ ಮಾಡುವ ಬೆಣ್ಣೆ ದೋಸೆ ತೆಗೆದುಬಿಡು. (ದೋಸೆಯ ವಿಷಯದಲ್ಲಿ ಇದು ನನ್ನ ಸ್ವಂತ ಹಠವೂ ಹೌದು.) ಸುತ್ತೋಲೆಯ ಭಾಷೆಯಲ್ಲಿ ಬರೆ. ‘ಮೃತರು ಖುದ್ದಾಗಿ ಹಾಜರಾಗತಕ್ಕದ್ದು’ ಅಂತ ಒಂದು ಸಾಲು, ಕೆಳಗೆ ಸೀಲು. ಓದುಗನಿಗೆ ನಗಬೇಕೆನಿಸಿದರೆ ನಗಲಿ.

ಇನ್ನೊಂದು ವಿಷಯಕ್ಕೆ ನನ್ನಲ್ಲಿ ಉತ್ತರ ಇಲ್ಲ. ನಿನ್ನ ಐವರೂ ಒಂದೇ ಅಚ್ಚಿನ ದುಷ್ಟರು. ಮೆಷಿನ್ ಹಿಡಿದು ಬರುವವನು ಅದೇ ಬೀದಿಯ ಹುಡುಗ ಆಗಿದ್ದರೆ? ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ‘ಅಜ್ಜಾ, ಇನ್ನೊಂದ್ಸಲ ಒರೆಸಿ ಇಡು, ಈ ಸಲ ಬರುತ್ತೆ’ ಅಂತ ತನ್ನ ಅಂಗಿಯ ತುದಿಯಿಂದಲೇ ಅಜ್ಜನ ಹೆಬ್ಬೆರಳು ಒರೆಸಿದರೆ? ಅಜ್ಜನ ಪಕ್ಕದಲ್ಲಿ ಒನಕೆ ಇದೆ. ಅವನು ಏನು ಮಾಡುತ್ತಾನೆ, ನೀನೇ ಬರೆದು ನೋಡು.

ಅದನ್ನು ಬರೆದ ಮೇಲೆ ಬಾ. ಮಂಡಕ್ಕಿ, ಮಿರ್ಚಿ ನನ್ನ ಕಡೆಯಿಂದ. ನಾವೀಗ ಮೂರನೇ ಮಹಡಿಗೆ ಬಂದಿದ್ದೇವೆ, ಲಿಫ್ಟ್ ಇಲ್ಲ. ಹತ್ತುವಾಗ ಎಷ್ಟನೇ ಮೆಟ್ಟಿಲಿಗೆ ನಿನಗೆ ಏದುಸಿರು ಬಂತು ಅಂತ ನೆನಪಿಟ್ಟುಕೋ.

ಇಂತಿ,
ನಿನ್ನ ಮೇಷ್ಟ್ರು